ಮೋಟಾರಿನ ಉಸಿರು

ಗೃಹಸ್ಥನಾದವನಿಗೆ ಕಿವಿಯೇ ದೊಡ್ಡ ಆಳು. ಹಾಲು ಉಕ್ಕುತ್ತಿದೆ, ಬಾವಿಯ ರಾಟೆ ಎಣ್ಣೆ ಬೇಡುತ್ತಿದೆ, ಹಸು ಹುಲ್ಲಿಗಾಗಿ ಕೂಗುತ್ತಿಲ್ಲ, ಕರುವಿಗಾಗಿ ಕೂಗುತ್ತಿದೆ ಎಂಬುದನ್ನೆಲ್ಲ ಅದು ಕುಳಿತಲ್ಲಿಗೇ ತಂದು ಒಪ್ಪಿಸುತ್ತದೆ. ಸದ್ದು ಮಾಡುವ ವಸ್ತು ಕೆಟ್ಟಿದೆ, ಸುಮ್ಮನಿರುವ ವಸ್ತು ನೆಟ್ಟಗಿದೆ ಎಂಬ ನಂಬಿಕೆಯಲ್ಲಿಯೇ ನಾನು ಅರುವತ್ತೆರಡು ವರ್ಷ ಬಾಳಿದೆನು. 2023ನೆಯ ಇಸವಿಯ ಆಷಾಢಮಾಸದಲ್ಲಿ ಆಗುಂಬೆಯ ಘಾಟಿಯ ಮೇಲೆ ಆ ನಂಬಿಕೆ ಮುರಿದುಬಿದ್ದಿತು. ಮನೆಮಂದಿಯನ್ನು ಕೂಡಿಸಿಕೊಂಡು ಮೋಟಾರಿನಲ್ಲಿ ಊರೂರು ತಿರುಗುವ ವಾಚಕರು ಅನೇಕರಿರುವರಾದ್ದರಿಂದ, ನನ್ನ ಅವಿವೇಕವನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯಲ್ಲಿ ಮೇಷ್ಟರ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಮೋಟಾರು ಹನ್ನೆರಡು ವರ್ಷದ ಹಳೆಯದು, ಪೆಟ್ರೋಲಿನದು. ಕರಾವಳಿಯ ಗೃಹಸ್ಥರೊಬ್ಬರಿಂದ ಕೊಂಡದ್ದು. ಸಮುದ್ರದ ಉಪ್ಪುಗಾಳಿಯಲ್ಲಿ ಅರ್ಧ ಆಯುಷ್ಯ, ಮಲೆನಾಡಿನ ಮಳೆಯಲ್ಲಿ ಇನ್ನರ್ಧ. ಆದರೂ ಮೇಲಿನ ಬಣ್ಣ ಮಾಸಿರಲಿಲ್ಲ. ನೆಂಟರು ಬಂದಾಗ, “ನೋಡಿ, ಎಂಜಿನು ನಡೆಯುತ್ತಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ” ಎಂದು ನಾನು ಹೇಳಿಕೊಳ್ಳದ ದಿನವಿರಲಿಲ್ಲ.

ಒಂದು ಮಾತನ್ನು ಮಾತ್ರ ನನ್ನ ಹೆಂಡತಿ ಒಪ್ಪುತ್ತಿರಲಿಲ್ಲ. “ಬೆಳಗ್ಗೆ ಹೊರಡಿಸುವಾಗ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದಲ್ಲ, ಅದೇನು?” ಎಂದು ಆಕೆ ಎರಡು ಬಾರಿ ಕೇಳಿದ್ದುಂಟು. ನಾನು ಗ್ಯಾರೇಜಿಗೆ ಕೊಂಡುಹೋದಾಗಲೆಲ್ಲ ಆ ಸದ್ದು ಇರುತ್ತಿರಲಿಲ್ಲ. ರೋಗಿ ವೈದ್ಯನ ಮುಂದೆ ಕೆಮ್ಮದಿದ್ದರೆ ಕೆಮ್ಮಿಲ್ಲವೆಂದೇ ಅರ್ಥವಷ್ಟೆ. ಮಾತು ಅಲ್ಲಿಗೆ ನಿಂತಿತು.

ಆಕೆಗೆ ಇನ್ನೊಂದು ದೂರಿತ್ತು. ಮಳೆಗಾಲ ಬಂದಿತೆಂದರೆ ಮೋಟಾರಿನಲ್ಲಿ ಕುಳಿತ ಅರ್ಧ ಗಂಟೆಯಲ್ಲಿ ತಲೆನೋವು, ಹೊಟ್ಟೆ ತೊಳಸು. “ಘಾಟಿಯ ತಿರುವು, ಪಿತ್ತದ ಶರೀರ” ಎಂದು ನಾನು ನಿರ್ಣಯ ಮಾಡಿದೆನು. ಮೂಸುವುದಕ್ಕೆ ಒಂದು ನಿಂಬೆಹಣ್ಣು, ಬಾಯಲ್ಲಿ ಚಪ್ಪರಿಸುವುದಕ್ಕೆ ಒಂದು ಚೂರು ಶುಂಠಿ: ಇದು ನನ್ನ ಚಿಕಿತ್ಸೆ. ಆಕೆಯಾದರೋ ನನ್ನ ನಿರ್ಣಯವನ್ನು ನಂಬಿ, ಯಾವ ತಿಂಡಿ ತನಗೆ ಪಿತ್ತವಾಗುತ್ತದೆಂದು ಕಂಡುಹಿಡಿಯುವುದಕ್ಕಾಗಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಪ್ರತಿಯೊಂದು ಪ್ರಯಾಣವನ್ನೂ ಬರೆದಿಡತೊಡಗಿದ್ದಳು. ಯಾವ ದಿನ, ಎಲ್ಲಿಗೆ, ಏನು ತಿಂದದ್ದು, ಮಳೆಯೋ ಬಿಸಿಲೋ, ತಲೆನೋವು ಬಂದಿತೋ ಇಲ್ಲವೋ. ಆ ಪುಟವನ್ನು ನಾನು ತೆರೆದು ನೋಡಲಿಲ್ಲ. ನೋಡಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆ ದಿನ ಉಡುಪಿಯಲ್ಲಿರುವ ಮಗಳನ್ನೂ ನಾಲ್ಕು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಊರಿಗೆ ಹಿಂದಿರುಗುತ್ತಿದ್ದೆವು. ಹೆಬ್ರಿ ದಾಟುವಾಗಲೇ ಮಳೆ ಹಿಡಿಯಿತು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಆಗುಂಬೆಯ ಮಳೆಯನ್ನು ಬಲ್ಲವರಿಗೆ ವರ್ಣನೆ ಬೇಡ. ಕಿಟಕಿಗಳನ್ನೆಲ್ಲ ಏರಿಸಿದೆವು. ಮುಂದಿನ ಗಾಜಿಗೆ ಮಂಜು ಕವಿದುದರಿಂದ ಹೊರಗಾಳಿಯನ್ನು ಒಳಕ್ಕೆ ಎಳೆಯುವ ಫ್ಯಾನನ್ನು ಪೂರ್ತಿ ತಿರುಗಿಸಿದೆನು. ನನ್ನ ಪಕ್ಕದ ಕಿಟಕಿ ಮಾತ್ರ ಹಳೆಯ ಅಭ್ಯಾಸದಂತೆ ಎರಡು ಬೆರಳಿನಷ್ಟು ತೆರೆದಿತ್ತು. ಘಾಟಿಯ 14 ತಿರುವುಗಳನ್ನು ಒಂದನೆಯ, ಎರಡನೆಯ ಗೇರಿನಲ್ಲಿ ಮೆಲ್ಲಮೆಲ್ಲನೆ ಹತ್ತಿದೆವು. ಮುಂದೆ ಒಂದು ಬಸ್ಸು ಕೆಟ್ಟು ನಿಂತಿದ್ದುದರಿಂದ ಎಂಜಿನು ನಿಲ್ಲಿಸದೆ ಅಲ್ಲಿಯೇ ಬಹಳ ಹೊತ್ತು ಕಾಯಬೇಕಾಯಿತು. ಹಿಂದಿನ ಆಸನದಲ್ಲಿ ಮಗು ತಾಯಿಯ ತೊಡೆಯ ಮೇಲೆ ನಿದ್ರೆಹೋಗಿತ್ತು. “ಜಾಣೆ, ಅತ್ತೂ ಇಲ್ಲ, ವಾಂತಿಯೂ ಇಲ್ಲ” ಎಂದು ನಾನು ಮೆಚ್ಚಿಕೊಂಡೆನು.

ಆಗುಂಬೆಯಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಮಗಳು ಮಗುವನ್ನು ಎಬ್ಬಿಸಿದಳು. ಅದು ಏಳಲಿಲ್ಲ. ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು. ಮಗು ಅರ್ಧ ಕಣ್ಣು ತೆರೆದು, ನಮ್ಮನ್ನು ಗುರುತಿಸದ ದೃಷ್ಟಿಯಿಂದ ನೋಡಿ, ತಲೆಯನ್ನು ಹಿಂದಕ್ಕೆ ಚೆಲ್ಲಿತು. ಕತ್ತು ಬಾಳೆಯ ನಾರಿನಂತೆ ಜೋಲಿತು. “ಅಪ್ಪಯ್ಯ, ನನಗೂ ತಲೆ ಸಿಡಿಯುತ್ತಿದೆ” ಎಂದು ಮಗಳು ಅತ್ತಳು. ನನ್ನ ಕೈಕಾಲು ತಣ್ಣಗಾದವು. ತೀರ್ಥಹಳ್ಳಿಯ ಆಸ್ಪತ್ರೆಗೆ ಓಡಿಸಬೇಕೆಂದು ಬಾಗಿಲು ಎಳೆದುಕೊಂಡೆನು. ಆಗ ನನ್ನ ಹೆಂಡತಿ, “ಮಳೆ ಬಂದರೆ ಬರಲಿ, ನೆನೆದರೆ ನೆನೆಯೋಣ. ನಾಲ್ಕು ಕಿಟಕಿಯನ್ನೂ ಇಳಿಸಿ. ಇಳಿಸಿದ ಹೊರತು ನಾನು ಮಗುವನ್ನು ಒಳಗೆ ಕೂಡಿಸುವುದಿಲ್ಲ” ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ನನಗೆ ಅಪ್ಪಣೆ ಮಾಡಿದ್ದು ಅದೇ ಮೊದಲು. ನಾನು ಮರುಮಾತಿಲ್ಲದೆ ಇಳಿಸಿದೆನು. ಮಳೆ ಒಳಗೆಲ್ಲ ಹೊಯ್ದಿತು. ತೀರ್ಥಹಳ್ಳಿ ಸಮೀಪಿಸುವಷ್ಟರಲ್ಲಿ ಮಗು ಕಣ್ಣು ತೆರೆದು, ಚಳಿಯಾಗುತ್ತದೆಂದು ಗಟ್ಟಿಯಾಗಿ ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಇದುವರೆಗೆ ಕೇಳಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಮಗುವಿನ ಬೆರಳಿಗೆ ಚಿಮಟದಂಥ ಯಂತ್ರವನ್ನು ಸಿಕ್ಕಿಸಿದಳು. ಅದು 98 ಎಂದು ತೋರಿಸಿತು. 2020ರ ಮಹಾಮಾರಿಯ ಕಾಲದಲ್ಲಿ ನಾವೂ ಒಂದನ್ನು ಕೊಂಡಿಟ್ಟವರೇ ಆದುದರಿಂದ, “ಆಮ್ಲಜನಕ ಸರಿಯಾಗಿದೆ” ಎಂದು ನಾನು ನಿಟ್ಟುಸಿರುಬಿಟ್ಟೆನು. ವೈದ್ಯರು ಆ ಅಂಕಿಯ ಕಡೆ ಲಕ್ಷ್ಯ ಕೊಡದೆ, “ಮೋಟಾರಿನಲ್ಲಿದ್ದ ಎಲ್ಲರಿಗೂ ತಲೆನೋವು ಬಂದಿತೇ? ಹೊರಗೆ ಇಳಿದಮೇಲೆ ಇಳಿಮುಖವಾಯಿತೇ?” ಎಂದು ಕೇಳಿದರು. ಹೌದೆಂದೊಡನೆ ಮಗುವಿನ ಮುಖಕ್ಕೆ ಆಮ್ಲಜನಕದ ಮುಖವಾಡವನ್ನು ಕಟ್ಟಿಸಿದರು. ಮಗಳಿಗೂ ಕಟ್ಟಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ವಿಷಯವನ್ನು ತಿಳಿಸಿದರು.

ಪೆಟ್ರೋಲು ಪೂರ್ತಿಯಾಗಿ ಉರಿಯದಿದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವುಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವ ಒಲವಿಗಿಂತ ಇದರ ಮೇಲಿನ ಒಲವು ಇನ್ನೂರು ಪಟ್ಟಿಗೂ ಹೆಚ್ಚು. ಒಮ್ಮೆ ಹಿಡಿದರೆ ಬೇಗ ಬಿಡುವುದಿಲ್ಲ. ಬರಿಯ ಗಾಳಿಯಲ್ಲಿ ಅದರ ಅರ್ಧಭಾಗ ರಕ್ತವನ್ನು ಬಿಟ್ಟುಹೋಗುವುದಕ್ಕೆ ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅಷ್ಟು ಕೆಲಸವಾಗುತ್ತದೆ. ಬೆರಳಿನ ಯಂತ್ರ ರಕ್ತದ ಬಣ್ಣವನ್ನು ನೋಡಿ ಲೆಕ್ಕ ಹೇಳುವಂಥದು. ಈ ವಿಷ ಹಿಡಿದ ರಕ್ತವೂ ಕೆಂಪಾಗಿಯೇ ಇರುವುದರಿಂದ, ಸಾಮಾನ್ಯವಾದ ಯಂತ್ರಕ್ಕೆ ಕಳ್ಳನಿಗೂ ಮನೆಯವನಿಗೂ ಭೇದ ತಿಳಿಯುವುದಿಲ್ಲ. “98 ಎಂಬ ಅಂಕಿಯನ್ನು ನಂಬಿ ಮನೆಗೆ ಹೋಗಿದ್ದರೆ ಕಷ್ಟವಾಗುತ್ತಿತ್ತು, ಮೇಷ್ಟ್ರೇ” ಎಂದರು. ಸಂಜೆಯ ಹೊತ್ತಿಗೆ ಮಗು ತಿಂಡಿ ಕೇಳಿತು. ಒಂದು ರಾತ್ರಿ ಅಲ್ಲಿಯೇ ಇರಿಸಿಕೊಂಡು ಮರುದಿನ ಕಳುಹಿಸಿಕೊಟ್ಟರು.

ಆ ರಾತ್ರಿ ನಾನು ಹಾಲಿನ ಲೆಕ್ಕದ ಪುಸ್ತಕವನ್ನು ತೆರೆದೆನು. ಹನ್ನೊಂದು ಪ್ರಯಾಣಗಳಿದ್ದವು. ಇಡ್ಲಿ ತಿಂದು ಹೋದ ದಿನವೂ ತಲೆನೋವು, ಉಪವಾಸವಿದ್ದ ಏಕಾದಶಿಯೂ ತಲೆನೋವು. ಆದರೆ “ಮಳೆ” ಎಂದು ಬರೆದಿದ್ದ ಏಳು ಸಾಲುಗಳಲ್ಲಿಯೂ ತಲೆನೋವಿತ್ತು, “ಬಿಸಿಲು” ಎಂದಿದ್ದ ನಾಲ್ಕರಲ್ಲಿ ಒಂದರಲ್ಲಿಯೂ ಇರಲಿಲ್ಲ. ಬಿಸಿಲಿನಲ್ಲಿ ನಾವು ಕಿಟಕಿ ತೆರೆದು ಹೋಗುತ್ತೇವೆ. ಆಗುಂಬೆಯಲ್ಲಿ ಆಕೆ ಮಾಡಿದ ಅಪ್ಪಣೆಯ ಮೂಲ ಈ ಪುಟದಲ್ಲಿತ್ತು. ಮೋಟಾರಿನ ರೋಗವನ್ನು ನನ್ನ ಮನೆಯಲ್ಲಿಯೇ ಒಬ್ಬರು ತಿಂಗಳುಗಟ್ಟಲೆ ಬರೆದಿಟ್ಟಿದ್ದರು. ನಾನು ಅವರಿಗೆ ನಿಂಬೆಹಣ್ಣನ್ನು ಕೊಡುತ್ತಿದ್ದೆನು.

ಮಗು ಮನೆಗೆ ಬಂದಮೇಲೆ ಗ್ಯಾರೇಜಿನ ಮೇಸ್ತ್ರಿಗಳಲ್ಲಿಗೆ ಹೋದೆನು. ಅವರು ನಲವತ್ತು ವರ್ಷ ಎಂಜಿನುಗಳೊಡನೆ ಬಾಳಿದವರು. ನಡೆದುದನ್ನೆಲ್ಲ ಕೇಳಿ, “ಮೋಟಾರನ್ನು ಇಲ್ಲಿಗೆ ತರಬೇಡಿ ಮೇಷ್ಟ್ರೇ. ನಾಳೆ ಬೆಳಗ್ಗೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ನಾನು ಬರುವವರೆಗೆ ಯಾರೂ ಅದನ್ನು ಹೊರಡಿಸಬಾರದು” ಎಂದರು. ಏಕೆಂದು ಆಗ ತಿಳಿಯಲಿಲ್ಲ. ಮರುದಿನ ಮಾಡಿಯೇ ತೋರಿಸಿದರು.

ಮೊದಲು ನಾವಿಬ್ಬರೂ ಸೇರಿ ಮೋಟಾರನ್ನು ಅಂಗಳಕ್ಕೆ ತಳ್ಳಿದೆವು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಎಂದಿಗೂ ನಡೆಯಿಸಕೂಡದೆಂಬುದು ಅವರ ಮೊದಲನೆಯ ಪಾಠ. ಬಾನೆಟ್ಟನ್ನು ಎತ್ತಿ, ತಣ್ಣಗಿದ್ದ ಎಂಜಿನನ್ನು ಹೊರಡಿಸಿದರು. ಕೂಡಲೇ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ವೇಗ ಕೊಟ್ಟರೆ ಅದೂ ವೇಗವಾಗುತ್ತಿತ್ತು. ಐದು ನಿಮಿಷದಲ್ಲಿ ಕ್ಷೀಣಿಸಿ ನಿಂತುಹೋಯಿತು. ಎಂಜಿನಿನಿಂದ ಹೊಗೆ ಹೊರಬೀಳುವ ಬಾಯಿಗೆ ಕೂಡಿಸಿರುವ ಕವಲುಗೊಳವೆಗೆ ಮೆನಿಫೋಲ್ಡ್ ಎಂದು ಹೆಸರು. ಎರಡರ ನಡುವೆ ಒಂದು ಗ್ಯಾಸ್ಕೆಟ್ಟಿರುತ್ತದೆ. ದಿನವೂ ಕಾದು, ದಿನವೂ ಆರಿ, ಬೋಲ್ಟೊಂದು ಮುರಿದು, ಗ್ಯಾಸ್ಕೆಟ್ಟು ಆ ಮೂಲೆಯಲ್ಲಿ ಸುಟ್ಟುಹೋಗಿತ್ತು. ತಣ್ಣಗಿರುವಾಗ ಅಲ್ಲಿ ಸಂದು ಬಿಟ್ಟಿರುತ್ತದೆ, ಬಿಸಿಯಾದರೆ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ. “ನೀವು ಗ್ಯಾರೇಜಿಗೆ ಬರುವಷ್ಟರಲ್ಲಿ ಬಿಸಿಯಾಗಿರುತ್ತದೆ. ಆಗ ಅದು ಬಾಯಿ ಬಿಡುವುದಿಲ್ಲ. ಅಮ್ಮನವರು ಹೇಳಿದ್ದು ಸರಿ” ಎಂದರು. ಒಳಗಿನಿಂದ ಕೇಳುತ್ತಿದ್ದ ಅಮ್ಮನವರು ಏನೂ ಹೇಳಲಿಲ್ಲ.

ರೋಗ ಸಿಕ್ಕಿತೆಂದು ನಾನು ಸಂತೋಷಪಟ್ಟೆನು. ಮೇಸ್ತ್ರಿಗಳು ತಲೆಯಲ್ಲಾಡಿಸಿದರು. “ಘಾಟಿಯ ಮೇಲೆ ಎಂಜಿನು ಕಾದು ಕೆಂಡವಾಗಿತ್ತಲ್ಲವೇ? ಆಗ ಈ ಸಂದು ಮುಚ್ಚಿರಬೇಕಲ್ಲ? ಇನ್ನೊಬ್ಬ ಕಳ್ಳನಿದ್ದಾನೆ” ಎಂದರು. ಒಂದು ತಪ್ಪು ಸಿಕ್ಕಿದೊಡನೆ ಹುಡುಕುವುದನ್ನು ನಿಲ್ಲಿಸದಿರುವುದೇ ಅವರ ವಿದ್ಯೆ. ಮಕ್ಕಳ ಲೆಕ್ಕವನ್ನು ತಿದ್ದುವಾಗ ನಾನು ಎಷ್ಟು ಸಲ ಮೊದಲನೆಯ ತಪ್ಪಿಗೇ ಕೆಂಪು ಗೀಟೆಳೆದು ಮುಂದಕ್ಕೆ ಹೋಗಿದ್ದೇನೆಂಬುದು ನೆನಪಾಯಿತು.

ಅವರು ದಪ್ಪನಾದ ಒದ್ದೆಯ ಗೋಣಿಬಟ್ಟೆಯನ್ನು ಮಡಿಸಿ, ಎಂಜಿನು ನಡೆಯುತ್ತಿರುವಾಗಲೇ ಹಿಂದಿನ ಕೊಳವೆಯ ಬಾಯಿಗೆ ಕೆಲವು ಕ್ಷಣ ಮಾತ್ರ ಒತ್ತಿ ಹಿಡಿಯುವಂತೆ ತಮ್ಮ ಹುಡುಗನಿಗೆ ಹೇಳಿ, ತಾವು ನೆಲಕ್ಕೆ ಕಿವಿಗೊಟ್ಟು ಮಲಗಿದರು. ಹೊರಹೋಗುವ ದಾರಿಯನ್ನು ತಡೆದರೆ ಒಳಗಿನ ಒತ್ತಡ ಏರಿ, ತೂತಿರುವಲ್ಲಿ ಹೊಗೆ ಬುಸುಗುಟ್ಟುತ್ತದೆ. ಮುಂದಿನ ಆಸನದ ಕೆಳಗಿನಿಂದ ಹಾವಿನಂತಹ ಸದ್ದು ಬಂದಿತು. ಎಂಜಿನು ಅಲುಗಾಡಿದರೂ ಕೊಳವೆ ಮುರಿಯದಂತೆ ಅಲ್ಲಿ ತಂತಿಯ ಹೆಣಿಗೆಯುಳ್ಳ ಬಳುಕುವ ತುಂಡೊಂದನ್ನು ಇಟ್ಟಿರುತ್ತಾರೆ. ಕೆಳಗಿನಿಂದ ನೋಡಿದರೆ ಅದು ನೆಟ್ಟಗಿತ್ತು. ಮೇಸ್ತ್ರಿಗಳು ಮುಖ ನೋಡುವ ಕನ್ನಡಿಯನ್ನು ಕೇಳಿ ಪಡೆದು ಮೇಲ್ಭಾಗಕ್ಕೆ ಹಿಡಿದರು. ಹೆಣಿಗೆ ಅಲ್ಲಿ ಸೀಳಿತ್ತು, ಸುತ್ತಲೂ ಕಾಡಿಗೆಯಂತೆ ಮಸಿ ಹಿಡಿದಿತ್ತು. “ತೂತು ಕಾಣದಿದ್ದರೂ ಮಸಿ ಸುಳ್ಳು ಹೇಳುವುದಿಲ್ಲ” ಎಂದರು.

ಈ ಎರಡು ಸೋರಿಕೆಗಳಿದ್ದ ಜಾಗವೇ ಕೆಟ್ಟದ್ದು. ಹೊಗೆಯಲ್ಲಿರುವ ವಿಷವನ್ನು ಸುಟ್ಟು ನಿರಪಾಯ ಮಾಡುವ ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ನಮ್ಮ ಮೋಟಾರಿನಲ್ಲಿ ಅವುಗಳ ಹಿಂದೆ ಇದೆ. ಅದರಲ್ಲಿ ಜೇನುಗೂಡಿನಂತಹ ಕಣ್ಣುಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಯುಳ್ಳ ಲೋಹಗಳನ್ನು ತೆಳ್ಳಗೆ ಬಳಿದಿರುತ್ತಾರೆ. ಸೀಸ ಬೆರೆತ ಪೆಟ್ರೋಲು ಆ ಲೋಹಗಳನ್ನು ಹಾಳುಮಾಡುವುದರಿಂದಲೇ ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ 1995ರಲ್ಲಿ ಸೀಸವಿಲ್ಲದ ಪೆಟ್ರೋಲು ಬಂದಿತು, 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಅದೇ ಆಯಿತು. ಆದರೆ ಡಬ್ಬಿಯನ್ನು ತಲಪುವುದಕ್ಕೆ ಮುಂಚೆಯೇ ಸೋರಿಹೋದ ಹೊಗೆಗೆ ಈ ಸಂಸ್ಕಾರ ಎಲ್ಲಿಂದ ಬರಬೇಕು? ಅದು ಹಸಿಯ ವಿಷವೇ. ಏರನ್ನು ಹತ್ತುವಾಗ ಎಂಜಿನಿಗೆ ಪೆಟ್ರೋಲು ಹೆಚ್ಚು ಬೇಕು. ಗಾಳಿ ಸಾಲದೆ ಉರಿದ ಆ ಪೆಟ್ರೋಲಿನಲ್ಲಿ ವಿಷವೂ ಹೆಚ್ಚು.

“ನನ್ನ ಬಳಿ ಎಮಿಷನ್ ಸರ್ಟಿಫಿಕೇಟು ಇದೆಯಲ್ಲ! ಹೋದ ತಿಂಗಳು ತಪಾಸಣೆಯಾಗಿ ಪಾಸಾಗಿದೆ” ಎಂದು ನಾನು ಕಾಗದವನ್ನು ತಂದು ತೋರಿಸಿದೆನು. ಮೇಸ್ತ್ರಿಗಳು ನಕ್ಕರು. ಆ ತಪಾಸಣೆಯವರು ಹಿಂದಿನ ಕೊಳವೆಯ ತುದಿಯಲ್ಲಿ ಕಡ್ಡಿಯಿಟ್ಟು ಅಳೆಯುತ್ತಾರೆ. ನಡುದಾರಿಯಲ್ಲಿ ಇಳಿದುಹೋದವನ ಲೆಕ್ಕ ಅಲ್ಲಿಲ್ಲ.

ಇನ್ನುಳಿದದ್ದು ಒಂದು ಪ್ರಶ್ನೆ. ಹೊಗೆ ಕೆಳಗೆ ಸೋರಿತು ಸರಿ, ಒಳಗೆ ಹೇಗೆ ಬಂದಿತು? ಒಂದು ದಾರಿ ಫ್ಯಾನು. ಅದು ಗಾಳಿಯನ್ನು ಎಳೆಯುವುದು ಮುಂದಿನ ಗಾಜಿನ ಬುಡದಿಂದ, ಎಂದರೆ ಎಂಜಿನಿನ ನೆತ್ತಿಯಿಂದ. ಎರಡನೆಯ ದಾರಿಯನ್ನು ಹುಡುಕುವುದಕ್ಕೆ ಮೇಸ್ತ್ರಿಗಳು ಎಂಜಿನನ್ನು ನಿಲ್ಲಿಸಿ, ಒಳಗಿನ ಚಾಪೆಯನ್ನು ಎತ್ತಿಸಿ, ನನ್ನನ್ನು ಒಳಗೆ ಕೂಡಿಸಿ, ಕಂಬಳಿ ಹೊದಿಸಿ ಕತ್ತಲೆ ಮಾಡಿ, ತಾವು ಹೊರಗಿನಿಂದ ದೀಪ ಹಿಡಿದರು. “ಬೆಳಕು ಎಲ್ಲಿ ಕಾಣುತ್ತದೆ ಹೇಳಿ. ಬೆಳಕು ಬರುವ ದಾರಿಯಲ್ಲಿ ಹೊಗೆಯೂ ಬರುತ್ತದೆ.” ನನ್ನ ಪಾದದ ಬಳಿ, ರೂಪಾಯಿಯಷ್ಟು ಅಗಲದ ಬೆಳಕೊಂದು ಹೊಳೆಯಿತು.

ಆ ತೂತನ್ನು ನಾನು ಬಲ್ಲೆ. ಎರಡು ವರ್ಷದ ಹಿಂದೆ ಹಾಡು ಕೇಳುವ ಹೊಸ ಪೆಟ್ಟಿಗೆಯೊಂದನ್ನು ಕೂಡಿಸುವುದಕ್ಕಾಗಿ ತಂತಿಯನ್ನು ಅಲ್ಲಿಂದ ತೂರಿಸಿದ್ದರು. ತೂತಿಗಿದ್ದ ರಬ್ಬರಿನ ಬಿರಡೆಯನ್ನು ತೆಗೆದು ನನ್ನ ಕೈಗೆ ಕೊಟ್ಟು, “ತಂತಿಗೆ ಸರಿಯಾದ ಬಿರಡೆ ತಂದಾಗ ಹಾಕೋಣ” ಎಂದಿದ್ದರು. ನಾನು ಅದನ್ನು ಮೇಜಿನ ಸೆಳೆಖಾನೆಯಲ್ಲಿ ಹಾಕಿದ್ದೆನು. ಆ ದಿನ ಹೋಗಿ ನೋಡಿದರೆ ಅಲ್ಲಿಯೇ ಇತ್ತು, ಧೂಳು ಹಿಡಿದು. ಹತ್ತು ರೂಪಾಯಿ ಬಾಳದ ಆ ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ನನ್ನ ಮನಸ್ಸಿನಲ್ಲಿ ಆದುದನ್ನು ಬರೆಯಲಾರೆನು.

ಮೇಸ್ತ್ರಿಗಳು ಗ್ಯಾಸ್ಕೆಟ್ಟನ್ನೂ ಬೋಲ್ಟನ್ನೂ ಬಳುಕುವ ಕೊಳವೆಯನ್ನೂ ಬದಲಾಯಿಸಿದರು. ಕೆಲಸ ನಡೆಯುವಾಗ ಹೇಳಿದ ಕೆಲವು ಮಾತುಗಳನ್ನು ವಾಚಕರ ಉಪಯೋಗಕ್ಕಾಗಿ ಸಂಗ್ರಹಿಸುತ್ತೇನೆ.

ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಹಬೆಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಕಾದು ಆ ನೀರು ಹೊರಗೆ ಹೋಗುತ್ತದೆ. ಮನೆಯಿಂದ ಪೇಟೆಗೆ ಹೋಗಿಬರುವ ಗಿಡ್ಡ ಪ್ರಯಾಣಗಳಲ್ಲಿ ಅದು ಸೈಲೆನ್ಸರಿನ ಹೊಟ್ಟೆಯಲ್ಲಿಯೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಿನ ತುಕ್ಕನ್ನು ನೋಡಿ ಒಳಗಿನದನ್ನು ಅಳೆಯಲಾಗದು. ಗುಡುಗಿನಂತಹ ಸದ್ದು ಬಂದರೆ ಸೈಲೆನ್ಸರು ತೂತಾಗಿದೆ. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತೆ ಸದ್ದಾದರೆ ಒಳಗಿನ ತಗಡು ಕಳಚಿದೆ, ಅಥವಾ ಕನ್ವರ್ಟರಿನ ಜೇನುಗೂಡು ಒಡೆದಿದೆ. ಹಳ್ಳ ಇಳಿದಾಗ ತಳಕ್ಕೆ ಬಡಿದರೆ ಕೊಳವೆಯನ್ನು ತೂಗುಹಾಕಿರುವ ರಬ್ಬರಿನ ಬಳೆಗಳು ಹರಿದಿವೆ. ಚಳಿಯ ಬೆಳಗಿನಲ್ಲಿ ಕಾಣುವ ಬಿಳಿಯ ಹಬೆಗೆ ಹೆದರಬೇಕಾಗಿಲ್ಲ. ಎಂಜಿನು ಬಿಸಿಯಾದಮೇಲೂ ಬಿಳಿಯ ಹೊಗೆ ಬಿಡದೆ ಬಂದು, ಸಿಹಿಯಾದ ವಾಸನೆಯಿದ್ದರೆ ರೇಡಿಯೇಟರಿನ ನೀರು ಎಂಜಿನಿನೊಳಗೆ ಸೇರುತ್ತಿದೆ. ನೀಲಿಯ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ, ಕಪ್ಪು ಹೊಗೆಯೆಂದರೆ ಪೆಟ್ರೋಲು ಮಿತಿಮೀರಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಕನ್ವರ್ಟರನ್ನೂ ಪೆಟ್ರೋಲಿನ ಪ್ರಮಾಣವನ್ನೂ ಪರೀಕ್ಷಿಸಬೇಕು. ಸಮದಾರಿಯಲ್ಲಿ ಸುಮ್ಮನಿದ್ದು ಏರಿನಲ್ಲಿ ಮಾತ್ರ ಉಸಿರುಕಟ್ಟಿದಂತೆ ಸೋಲುವ ಮೋಟಾರಿನಲ್ಲಿ ಕೊಳವೆ ಕಟ್ಟಿಕೊಂಡಿರಬಹುದು. ಡಿಕ್ಕಿಯ ಬಾಗಿಲನ್ನು ತೆರೆದುಕೊಂಡು ಮಾತ್ರ ಎಂದಿಗೂ ಓಡಿಸಬಾರದು. ಓಡುವ ಮೋಟಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಮೆಯಾಗಿ, ಹಿಂದೆ ಬಿಟ್ಟ ಹೊಗೆಯೇ ಸುಳಿದು ಒಳಗೆ ಬರುತ್ತದೆ.

ಇವೆಲ್ಲ ಕಣ್ಣು, ಕಿವಿ, ಮೂಗುಗಳಿಗೆ ನಿಲುಕುವ ಲಕ್ಷಣಗಳು. ನಿಲುಕದ ಒಂದೇ ಒಂದಕ್ಕೆ ಮನುಷ್ಯರ ಮೈಯೇ ಲಕ್ಷಣ. ಒಬ್ಬರಿಗಲ್ಲದೆ ಜೊತೆಗಿದ್ದವರಿಗೆಲ್ಲ ತಲೆನೋವು, ಓಕರಿಕೆ, ಮಂಪರು. ಇಳಿದು ಗಾಳಿಗೆ ಬಂದರೆ ಉಪಶಮನ, ಮತ್ತೆ ಹತ್ತಿದರೆ ಮತ್ತೆ ಅದೇ. ಹೀಗಾದಲ್ಲಿ ಮೋಟಾರನ್ನು ನಿಲ್ಲಿಸಿ, ಎಂಜಿನನ್ನು ಆರಿಸಿ, ಎಲ್ಲರೂ ಕೆಳಗಿಳಿಯಬೇಕು. ಮಂಪರು ಹಿಡಿದವರನ್ನು ಬೇರೆ ವಾಹನದಲ್ಲಿ ವೈದ್ಯರ ಬಳಿಗೆ ಒಯ್ಯಬೇಕು. ನಾವು ಅದೇ ಮೋಟಾರಿನಲ್ಲಿ ಮುಂದೆ ಹೋದದ್ದು ದೈವ ನಡೆಯಿಸಿಕೊಟ್ಟ ಮಾತು, ಅನುಕರಣಕ್ಕೆ ಯೋಗ್ಯವಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಸಾವುಗಳನ್ನು ಪರಿಶೀಲಿಸಿದ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ, ಈ ಅನಿಲವನ್ನು ತಾನೇ ಸೇವಿಸಿ ಪರೀಕ್ಷೆ ಮಾಡಿಕೊಂಡವನು. ಗಣಿಯೊಳಗೆ ಪುಟ್ಟ ಪ್ರಾಣಿಯೊಂದನ್ನು ಕೊಂಡುಹೋಗಬೇಕೆಂದು ಆತ ಸಲಹೆಯಿತ್ತನು. ಪುಟ್ಟ ಜೀವಕ್ಕೆ ಉಸಿರಾಟ ಚುರುಕು. ವಿಷ ಅದನ್ನು ಮೊದಲು ಹಿಡಿಯುತ್ತದೆ, ಅದು ಬಿದ್ದೊಡನೆ ದೊಡ್ಡವರು ಪಾರಾಗಬಹುದು. ಆ ಕಾರಣದಿಂದ ಕೆನರಿ ಹಕ್ಕಿಗಳನ್ನು ಪಂಜರದಲ್ಲಿಟ್ಟು ಗಣಿಗಳಿಗೆ ಇಳಿಸುತ್ತಿದ್ದರು. 1986ರಲ್ಲಿ ಅವುಗಳ ಸ್ಥಾನಕ್ಕೆ ಯಂತ್ರಗಳನ್ನು ತರುವ ತೀರ್ಮಾನವಾಯಿತು. ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆನು. ಘಾಟಿಯ ಮೇಲೆ ನಮ್ಮ ಪಂಜರದಲ್ಲಿದ್ದ ಹಕ್ಕಿ ಯಾವುದೆಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ. “ಜಾಣೆ, ಅತ್ತೂ ಇಲ್ಲ” ಎಂದು ಮೆಚ್ಚಿಕೊಂಡವನು ನಾನು.

ಈಗ ಮೋಟಾರಿನಲ್ಲಿ ಈ ಅನಿಲವನ್ನು ಕಂಡರೆ ಕೂಗುವ ಪುಟ್ಟ ಯಂತ್ರವೊಂದನ್ನು ಇಟ್ಟಿದ್ದೇನೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ತಣ್ಣಗಿರುವ ಎಂಜಿನಿನ ಸದ್ದನ್ನು ಮೇಸ್ತ್ರಿಗಳಿಗೆ ಕೇಳಿಸುತ್ತೇನೆ. ಆದರೆ ನನ್ನ ಮುಖ್ಯವಾದ ಯಂತ್ರ ಬೇರೆ. ಘಾಟಿಯ ಬುಡದಲ್ಲಿ ಒಮ್ಮೆ, ನೆತ್ತಿಯಲ್ಲಿ ಒಮ್ಮೆ, “ತಲೆ ಹೇಗಿದೆ?” ಎಂದು ಹೆಂಡತಿಯನ್ನು ಕೇಳುತ್ತೇನೆ. ಆಕೆ ಹೇಳಿದುದನ್ನು ನಂಬುತ್ತೇನೆ. ಹಾಲಿನ ಲೆಕ್ಕದ ಪುಸ್ತಕ ಮುಗಿದು ಹೊಸದು ಬಂದಿದೆ. ಅದರ ಹಿಂದಿನ ಪುಟದಲ್ಲಿ ಪ್ರಯಾಣಗಳ ಪಟ್ಟಿ ಮುಂದುವರಿಯುತ್ತಿದೆ. ತಿಂಗಳ ಕೊನೆಯಲ್ಲಿ ಹಾಲಿನವನಿಗೆ ಹಣ ಕೊಡುವ ಮುನ್ನ ನಾನು ಮೊದಲು ಆ ಪುಟವನ್ನು ತಿರುವಿ ನೋಡುತ್ತೇನೆ.